ಹಂಚಿಯಾದ ಸಕ್ಕರೆ

ಹೋದ ಬೇಸಿಗೆಯಲ್ಲಿ ನಮ್ಮವ್ವ ಬನಹಟ್ಟಿಯ ನಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು. ನನ್ನ ಮದುವೆ ಗೊತ್ತಾಯಿತೆಂದೇ ಜನ ತಿಳಿದರು. (ಅದಿನ್ನೂ ಇಲ್ಲ.)

ಸಂಗತಿ ಬೇರೆ. ಅವ್ವನ ಗರ್ಭಕೋಶದ ಬಾಯಿಯ ಪ್ಯಾಪ್ ಟೆಸ್ಟ್ ಆಗಿತ್ತು. ಕ್ಯಾನ್ಸರಿನ ಸುಳಿವೇನಾದರೂ ಇದೆಯೇ ಎಂದು ಮೊದಲೇ ನೋಡುವ ತಪಾಸಣೆ. ಜಮಖಂಡಿಯ ಡಾಕ್ಟರಮ್ಮ, "ಸ್ಲೈಡ್ ಸ್ಪಷ್ಟ ಇಲ್ಲ, ಮತ್ತೊಮ್ಮೆ ಬರ್ರಿ" ಅಂದಿದ್ದರು.

ಅವ್ವ ಹುಟ್ಟಾ ನೇಕಾರ್ತಿ. ಅವಳ ಲೆಕ್ಕವೇ ಬೇರೆ. "ಸೀರ್ಯಾಗ ಎಳಿ ತಪ್ಪಿದ್ರ ಕಣ್ಣಿಗಿ ಹೊಡಿತೈತಿ. ಕಾಣಲಿಲ್ಲಂದ್ರ ತಪ್ಪಿಲ್ಲ!" ಹಾಗೆಂದೇ ಸಕ್ಕರೆ ಹಂಚಿದ್ದು.

ನಾನು ನಮ್ಮ ಮನೆತನದ ಮೊದಲ ಬಿ.ಎ. ಮಗ್ಗದ ಸದ್ದಿನಲ್ಲೇ ಓದಿ ಪಾಸಾದವಳು. ತಿಳಿಸಿ ಹೇಳಿದೆ: ಸ್ಪಷ್ಟ ಇಲ್ಲ ಅಂದರೆ ರೋಗ ಇದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ.

"ಬಿ.ಎ. ಮಾಡೀದಿ, ಡಾಕ್ಟರಕಿ ಮಾಡಿಲ್ಲ" ಅಂದಳು ಅವ್ವ. ಆಮೇಲೆ ಮೆಲ್ಲಗೆ, "ಸಕ್ಕರಿ ಹಂಚೀನಿ. ಈಗ ಮತ್ತ ದವಾಖಾನಿಗಿ ಹ್ವಾದ್ರ ಓಣ್ಯಾಗ ಏನಂದಾರು?"

ನೋಡಿ, ಜೀವಕ್ಕಿಂತ ಸಕ್ಕರೆ ಭಾರವಾಗಿತ್ತು!

ಪಕ್ಕದ ಮನೆಯ ಗಂಗವ್ವನಿಗೆ ಹೇಳಿದೆ. ಆಕೆ ನಮ್ಮ ಬಾಗಿಲಲ್ಲೇ ನಿಂತು ಅವ್ವನನ್ನು ಕೂಗಿದಳು: "ಶಾಂತಕ್ಕಾ, ಸಕ್ಕರಿ ತಿಂದಾವ್ರು ನಾವು. ನಾವಽ ಕರಕೊಂಡು ಹೋಗ್ತೀವಿ, ಏಳ ಬೇ!"

ಮರುದಿನ ಓಣಿಯ ಹೆಂಗಸರೆಲ್ಲ ಬಸ್ಸಿನಲ್ಲಿ. "ಎಲ್ಲಿ ಮದುವಿರೀ ಅವ್ವಾರ?" ಎಂದ ಕಂಡಕ್ಟರ್.

"ಮದುವಿ ಅಲ್ಲೋ ಯಪ್ಪಾ, ಶಾಂತಕ್ಕಂದು ಪರೀಕ್ಷಾ!" ಗಂಗವ್ವ ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಎರಡನೆಯ ಸ್ಲೈಡಿನಲ್ಲಿ ಜೀವಕೋಶಗಳ ದೋಷ ಕಂಡಿತು. ಬೆಳಗಾವಿಗೆ ಕಳಿಸಿದರು. ಅಲ್ಲಿ ಚೂರು ತೆಗೆದು ಪರೀಕ್ಷಿಸಿದರು: ಇನ್ನೂ ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ಆಗಬಹುದಿತ್ತು. ಸಣ್ಣ ಚಿಕಿತ್ಸೆಯಲ್ಲೇ ಮುಗಿಯಿತು. ಅವ್ವ ಈಗ ಮತ್ತೆ ಮಗ್ಗದ ಮುಂದೆ ಕೂತಿದ್ದಾಳೆ. ಆ ಸದ್ದು ಓದುವಾಗ ನನಗೆ ಕಿರಿಕಿರಿ ಅನಿಸುತ್ತಿತ್ತು. ಈಗ ನಿಂತು ಕೇಳುತ್ತೇನೆ.

ಡಾಕ್ಟರಮ್ಮನ ಉಪಕಾರ ದೊಡ್ಡದು. ಆದರೆ ಅವರ ಬಾಗಿಲವರೆಗೆ ಅವ್ವನನ್ನು ಮುಟ್ಟಿಸಿದ್ದು ನನ್ನ ಡಿಗ್ರಿಯೇ? ಅಲ್ಲ, ನಮ್ಮ ಓಣಿ.

ಮೊನ್ನೆ ಗಂಗವ್ವ ಕೇಳಿದಳು, "ಆರಾಮ ಆತಲ್ಲ, ಸಕ್ಕರಿ ಎಲ್ಲಿ?"

"ತಡಿ ಬೇ, ಇನ್ನೊಂದು ತಪಾಸಣಿ ಐತಿ. ಅದು ಆಗ್ಲಿ" ಅಂದಳು ಅವ್ವ.

ಓಣಿ ಕಾಯುತ್ತಿದೆ, ಸಕ್ಕರೆಗಲ್ಲ ಎಂದು ಬೇರೆ ಹೇಳಬೇಕೆ?