ಗಿರಣಿ ಮಾತಿನ ಬಾಯಿಪಾಠ

ಕಂಪ್ಯೂಟರ್ ತರಬೇತಿಗೆ ಹೊರಟಾಗ “ನಿನ್ನಿಂದ ಆಗೂದಲ್ಲ ಬಿಡು” ಎಂದವಳು ಬೇವೂರಿನ ನನ್ನ ಚಿಗವ್ವ. ನನ್ನನ್ನು ಮನೆಯಲ್ಲಿಟ್ಟುಕೊಂಡು ಓದಿಸಿದವಳೂ ಅವಳೇ. ಹಿಟ್ಟಿನ ಗಿರಣಿ ನಡೆಸುವವಳಿಗೆ ಮೆತ್ತಗೆ ಮಾತಾಡಿ ರೂಢಿಯಿಲ್ಲ. ನಮ್ಮ ಮನೆತನಕ್ಕೆ ನಾನೇ ಮೊದಲ ಪದವೀಧರೆ. ಇದನ್ನು ಕೇಳದವರಿಗೂ ಹೇಳುವ ಚಟ ನನಗಿದೆ, ಈಗ ನಿಮಗೆ ಹೇಳಿದಂತೆ.

ಕೊಪ್ಪಳದ ಆ ತರಬೇತಿಯಲ್ಲಿ ನಮಗೆ ಕೊಟ್ಟ ಕೆಲಸ, ಕನ್ನಡ ಬಲ್ಲ ಪುಟ್ಟ ಎಐ ಮಾಡೆಲ್ಲಿಗೆ ನಮ್ಮ ಸೀಮೆಯ ಮಾತು ಕಲಿಸುವುದು. ಕಲಿಸದ ಪ್ರಶ್ನೆಗೂ ಅದು ಸರಿಯಾಗಿ ಉತ್ತರಿಸಿದರೆ ಪ್ರಮಾಣಪತ್ರ. ಅದಕ್ಕೆ ಬೇಕಾದ ಕೋಡ್ ಪ್ಯಾಕೇಜನ್ನು ಲ್ಯಾಪ್‌ಟಾಪಿಗೆ ಹಾಕಿಕೊಳ್ಳುವುದೆಂದರೆ ಬೀಗರನ್ನು ಮದುವೆಗೆ ಕರೆದಂತೆ. ಒಬ್ಬರನ್ನು ಕರೆದರೆ ಇನ್ನಿಬ್ಬರು ಬರದೆ ಅವರು ಹೊಸಿಲು ತುಳಿಯರು. ಆ ಇಬ್ಬರಿಗೋ ಒಬ್ಬರ ಮುಖ ಒಬ್ಬರಿಗೆ ಕಂಡರಾಗದು. ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವಷ್ಟರಲ್ಲಿ ಸಾಕುಸಾಕಾಯಿತು.

ಚಿಗವ್ವನನ್ನು ಕೇಳಿಯೇ, ಅವಳು ಗಿರಾಕಿಗಳೊಡನೆ ಆಡುವ ಮಾತನ್ನು ಫೋನಿನಲ್ಲಿ ಹಿಡಿದು ಪಾಠಕ್ಕೆ ಬರೆದುಕೊಂಡಿದ್ದೆ. ಮಾಡೆಲ್ಲು ಆ ಪಾಠವನ್ನು ಎಷ್ಟು ಸಲ ಓದಬೇಕೆಂದು ಸೆಟ್ಟಿಂಗಿನಲ್ಲಿ ತುಂಬಬೇಕು. “ಮೂರು ಸಾಕ್ರಿ” ಎಂದಿದ್ದರು ತರಬೇತಿ ಕೊಡುವ ಮೇಡಂ. ನನಗೆ ನಗು ಬಂತು. ತಾಳೆಗರಿಗೆ ಗೆದ್ದಲು ಹಿಡಿದರೂ ವಿದ್ಯೆಯನ್ನು ಕಂಠದಲ್ಲಿ ಉಳಿಸಿಕೊಂಡ ದೇಶ ನಮ್ಮದು, ನಾನು ಬಿ.ಎ. ಮುಗಿಸಿದ್ದೂ ಗೈಡಿನ ಹಾಳೆ ಹರಿಯುವ ತನಕ ಓದಿಯೇ. ಮುನ್ನೂರು ಎಂದು ತುಂಬಿದೆ.

ಕೊನೆಯ ದಿನ ಮನೆಯವರೆದುರಿಗೇ ಪರೀಕ್ಷೆ, ಚಿಗವ್ವ ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಅತಿಥಿಯಾಗಿ ಬಂದ ಅಧಿಕಾರಿ “ಕುಷ್ಟಗಿ ಬಸ್ಸು ಎಲ್ಲಿ ಹತ್ತಬೇಕ್ರಿ?” ಎಂದು ಟೈಪು ಮಾಡಿ, ಬಂದ ಉತ್ತರವನ್ನು ಮೈಕಿನಲ್ಲಿ ಓದಿದರು.

“ನಿನ್ನ ಜ್ವಾಳ ಹಸಿ ಐತಿ. ಒಣಗಿಸ್ಕೊಂಡು ಬಾ.”

ಆಮೇಲೆ ಬರೀ ನಮಸ್ಕಾರ ಹೇಳಿ ನೋಡಿದರು.

“ಕಣ್ಣು ಕಾಣಂಗಿಲ್ಲೇನು? ಪಾಳಿಗೆ ನಿಂದ್ರು!”

ಸಭೆ ಹೋ ಎಂದಿತು. “ಏ, ಅವು ನನ್ನ ಮಾತಲ್ಲೇನು!” ಎಂದು ಚಿಗವ್ವ ಎದ್ದೇ ನಿಂತಳು. ನಗು ಇನ್ನೂ ಏರಿತು. ಸೆರಗು ಎಳೆದುಕೊಂಡು ಕುಳಿತುಬಿಟ್ಟಳು.

ನಾನು ತಲೆ ಎತ್ತಲಿಲ್ಲ. ಪರೀಕ್ಷೆಯಲ್ಲಿ ಗೈಡಿನಾಚೆಯ ಪ್ರಶ್ನೆ ಬಂದಾಗಲೆಲ್ಲ ನಾನೂ ಹೀಗೇ, ಕೇಳಿದ್ದು ಬಿಟ್ಟು ಬಾಯಿಪಾಠವಾದದ್ದನ್ನು ಬರೆದು ಬಂದವಳು. ನನ್ನ ಪದವಿಯನ್ನೇ ಯಾರೋ ಮೈಕಿನಲ್ಲಿ ಓದಿದಂತಾಯಿತು.

ಮುನ್ನೂರು ತುಂಬಿದ್ದನ್ನು ಮೇಡಂಗೆ ಹೇಳಿದೆ. “ಅದು ಬಾಯಿಪಾಠ ಮಾಡೇತ್ರಿ. ಊಟಾ ಮಾಡಿ ಬಂದು ಮತ್ತ ಕಲಿಸ್ರಿ” ಎಂದರು. ಊಟ ಬಿಟ್ಟು ಲ್ಯಾಪ್‌ಟಾಪಿನ ಮುಂದೆ ಕುಳಿತೆ. ಮೂರಕ್ಕೆ ಇಳಿಸಿ ಹೊಸದಾಗಿ ಕಲಿಸಿದೆ. ಅದೇ ಪ್ರಶ್ನೆಗೆ ಈ ಸಲ, “ಬಸ್ ಸ್ಟ್ಯಾಂಡಿಗೆ ಹೋಗ್ರಿ, ಅಲ್ಲಿ ಹತ್ರಿ” ಎಂದಿತು. ಅಧಿಕಾರಿ ಪ್ರಮಾಣಪತ್ರವನ್ನು ಕೈಗಿತ್ತರು.

ಅದನ್ನು ಒಯ್ದು ಚಿಗವ್ವನ ಕೈಗೆ ಕೊಟ್ಟೆ. ಅವಳು ಅದರತ್ತ ನೋಡಲಿಲ್ಲ.

“ನಾ ಖರೇನ ಹಂಗ ಮಾತಾಡ್ತೀನೇನು?”

“ಗಿರಣಿ ಸದ್ದಿನಾಗ ಹಂಗ ಆಗ್ತೈತಿ ಬಿಡ ಚಿಗವ್ವ.”

“ಮನ್ಯಾಗೂ ನಿನಗ ಹಂಗ ಅಂತಿದ್ನೆಲ್ಲ, ಅಲ್ಲಿ ಯಾವ ಗಿರಣಿ ಇತ್ತವ್ವ?” ಎಂದಳು. “ಅಂಥಾದ್ರಾಗ ನೀ ಹೆಂಗ ಓದಿದಿ?”