ಕೀಲಿಕೈ ಮೇಜಿನ ಮೇಲಿಡಿ

ತುಮಕೂರಿನ ರುಮಾನಾಗೆ ಹೌದೌದು ಎಂದು ತಲೆಯಾಡಿಸುವುದು ಹುಟ್ಟಿದಾಗಿನಿಂದ ಬರದು. ಹೊರದೇಶದ ಯುಟ್ರೆಕ್ಟ್ ನಗರಕ್ಕೆ ಓದಲು ಬಂದಳು, ಕೆಲಸಕ್ಕೂ ಸೇರಿದಳು, ಆದರೂ ಅದೊಂದನ್ನು ಕಲಿಯಲಿಲ್ಲ. ಸಿಕ್ಕ ಕೆಲಸವೂ ಎಂಥದ್ದು ನೋಡಿ! ಯುದ್ಧ ಮುಗಿದ ದೂರದ ಊರೊಂದನ್ನು ಪರದೇಶದ ಸೈನ್ಯ ಆಳುತ್ತಿತ್ತು. ಈಗ ಊರಿನವರಿಗೇ ಬಿಟ್ಟುಕೊಡಬೇಕು. ಅವರನ್ನು ಇಲ್ಲಿಗೆ ಕರೆಸಿ ತರಬೇತಿ ಕೊಟ್ಟು, ಆಡಳಿತಕ್ಕೆ ಸಿದ್ಧರೋ ಇಲ್ಲವೋ ಎಂದು, ಹಸ್ತಾಂತರವನ್ನು ತೀರ್ಮಾನಿಸುವ ಆಯೋಗಕ್ಕೆ ವರದಿ ಕಳಿಸುವವಳು ರುಮಾನಾ. ಇಲ್ಲ ಎಂದರೆ ಸೈನ್ಯ ಇನ್ನೊಂದು ವರ್ಷ ಅಲ್ಲೇ ಠಿಕಾಣಿ.

ತರಬೇತಿಯ ಕೊನೆಗೆ ಹಸ್ತಾಂತರದ ತಾಲೀಮು. ಸೈನ್ಯದ ಕರ್ನಲ್ ನೀರಿನ ಸ್ಥಾವರದ ಕೀಲಿಕೈ ಗೊಂಚಲನ್ನು ಕ್ಯಾಮೆರಾ ಕಡೆ ಹಲ್ಲು ಕಿರಿಯುತ್ತ ಮುಂದೆ ಚಾಚಿದ. ಊರಿನ ಹೊಸ ಮೇಯರ್, ನರೆತ ಗಡ್ಡದ ಮುದುಕ, ಕೈ ಎತ್ತಲೇ ಇಲ್ಲ.

"ಮೇಜಿನ ಮೇಲಿಡಿ" ಎಂದ.

ಕರ್ನಲ್‌ನ ಮುಖ ಹುಳ್ಳಗಾಯಿತು. ಮತ್ತೆ ಚಾಚಿದ, ಮತ್ತೆ ಅದೇ ಮಾತು. "ಸಹಕಾರವೇ ಇಲ್ಲ. ಸಿದ್ಧರಿಲ್ಲ ಅಂತ ಬರೆಯಿರಿ!" ಎಂದು ಗುಡುಗಿ ಹೊರಟೇ ಹೋದ.

ರುಮಾನಾಗೆ ಅಮ್ಮಿ ನೆನಪಾದಳು. ಮೆಣಸಿನಕಾಯಿ ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಕೆಳಗಿಡಿಸುತ್ತಿದ್ದವಳು ಆಕೆ. ಅಯ್ಯೋ, ಇಷ್ಟೇ ತಾನೇ ಎಂದುಕೊಂಡು ಕಾಫಿ ಮೆಷಿನ್ ಹತ್ತಿರ ಮೇಯರ್‌ನನ್ನು ಕೇಳಿಯೇಬಿಟ್ಟಳು: ನಿಮ್ಮಲ್ಲೂ ಜಗಳದ ಭಯವೇ?

ಮುದುಕ ನಕ್ಕುಬಿಟ್ಟ. "ಜಗಳಕ್ಕೆ ಯಾರು ಹೆದರ್ತಾರೆ ಮಗಳೇ? ನಮ್ಮಲ್ಲಿ ಕೈಗೆ ಕೊಟ್ಟಿದ್ದು ದಾನ. ನಮ್ಮದೇ ವಸ್ತು ವಾಪಸ್ ಬಂದರೆ ತಂದವನು ಕೆಳಗಿಡಬೇಕು, ನಾವು ಎತ್ತಿಕೊಳ್ತೀವಿ. ಆ ಸ್ಥಾವರ ಕಟ್ಟಿದ್ದು ನಮ್ಮಪ್ಪಂದಿರು."

ರುಮಾನಾಗೆ ನಾಚಿಕೆಯಾಯಿತು. ಹಿಂದೆಯೇ ಕರ್ನಲ್ ಮೇಲೆ ಸಿಟ್ಟು ನೆತ್ತಿಗೇರಿತು.

ಅವಳ ಮೇಲಧಿಕಾರಿ ಹುಬ್ಬಳ್ಳಿಯ ಶ್ರೀಪಾದ. ಕೆಟ್ಟವನಲ್ಲ, ಪುಕ್ಕಲ. "ಹುಚ್ಚಿ ಆಗಬ್ಯಾಡ ರುಮಾನಾ. ಸೈನ್ಯದವ್ರು ಇದ್ರನ ನಮಗ ಕೆಲಸ. ನಿನ್ನ ಕಾಂಟ್ರಾಕ್ಟೂ ಈಗ ರಿನ್ಯೂ ಆಗಬೇಕು. ನಾಟ್ ರೆಡಿ ಅಂತ ಬರದು ಕೈ ತೊಳ್ಕೋ."

"ಪಂಪ್ ನಡೆಸ್ತಾರೆ, ಆಫೀಸ್ ನಡೆಸ್ತಾರೆ, ಎಲ್ಲಾ ಟೆಸ್ಟ್ ಪಾಸ್ ಆಗಿದ್ದಾರೆ ಸರ್. ಕೈಯೊಡ್ಡಲಿಲ್ಲ ಅಂತ ಫೇಲ್ ಮಾಡ್ಬೇಕಾ?"

"ಊರ ಉಸಾಬರಿ ನಿನಗ್ಯಾಕ?"

"ವರದಿ ಹೋಗೋದು ನನ್ನ ಹೆಸರಲ್ಲಿ. ಹಾಗಾಗಿ ಉಸಾಬರಿನೂ ನಂದೇ." ಸಿದ್ಧರಿದ್ದಾರೆ ಎಂದು ಬರೆದು ಅವನ ಕಣ್ಣೆದುರೇ ಕಳಿಸಿಬಿಟ್ಟಳು.

ಆಯೋಗ ಒಪ್ಪಿತು. ಹಸ್ತಾಂತರದ ದಿನ ಆಫೀಸಿನವರೆಲ್ಲ ನೇರಪ್ರಸಾರ ನೋಡಲು ಪರದೆಯ ಮುಂದೆ ಸೇರಿದ್ದರು. ಕರ್ನಲ್ ಗೊಂಚಲನ್ನು ಮೇಜಿನ ಮೇಲೆ ಕುಕ್ಕಿದ. ಮುದುಕ ನಿಧಾನವಾಗಿ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ. ರುಮಾನಾ ಒಬ್ಬಳೇ ಚಪ್ಪಾಳೆ ತಟ್ಟಿದಳು, ಜೋರಾಗಿಯೇ ತಟ್ಟಿದಳು.

ಅವಳ ಕಾಂಟ್ರಾಕ್ಟ್ ರಿನ್ಯೂ ಆಗಿರಲಿಲ್ಲ. ಸಂಜೆ ಶ್ರೀಪಾದ ಅವಳ ಮುಖ ನೋಡಲಾರದೆ ಕೈ ಚಾಚಿದ. "ಐಡಿ ಕಾರ್ಡ್ ಕೊಡವಾ."

ರುಮಾನಾ ಕೊರಳಿನ ಕಾರ್ಡ್ ತೆಗೆದಳು. ಚಾಚಿದ ಕೈ ಹಾಗೇ ಇರಲಿ ಎಂದು ಬಿಟ್ಟು, ಮೇಜಿನ ಮೇಲಿಟ್ಟಳು.

"ನಿಮ್ದೇ ಅಲ್ವಾ ಸರ್. ಎತ್ಕೊಳ್ಳಿ."