ಮಜ್ಜಿಗೆಗೆ ಬೆರೆಸಿದ ಬಾವಿ ನೀರು

ಆಂಧ್ರದ ಗಡಿಯ ಸೆಟ್ಟೂರಿನ ಹತ್ತಿರದ ನಮ್ಮೂರಲ್ಲಿ ನಾನು ಆಶಾ ಕಾರ್ಯಕರ್ತೆ. ಬೋರಿನ ನೀರು ಉಪ್ಪು, ಅದರಲ್ಲಿ ಬೇಳೆ ಬೇಯುವುದಿಲ್ಲ. ಹಾಗಾಗಿ ಕುಡಿಯುವುದಕ್ಕೆ ಎಲ್ಲರೂ ಹಳೆಯ ಬಾವಿಗೇ ಹೋಗುತ್ತಿದ್ದೆವು. ಆ ಮಳೆಗಾಲದಲ್ಲಿ ನೀರು ಪರೀಕ್ಷೆಗೆಂದು ನಮಗೆ ಪುಟ್ಟ ಸೀಸೆಗಳನ್ನು ಕೊಟ್ಟಿದ್ದರು. ನೀರು ತುಂಬಿ ಮುಚ್ಚಿಡಬೇಕು. ಒಂದೆರಡು ದಿನದಲ್ಲಿ ಕಪ್ಪಾದರೆ ಹೇಲಿನ ಹೊಲಸು ಸೇರಿದೆ, ಕುಡಿಯಬಾರದು ಎಂದರ್ಥ.

ನಾದಿನಿಯ ನಿಶ್ಚಿತಾರ್ಥದ ಬೆಳಿಗ್ಗೆ ಬಾವಿ ನೀರು ತುಂಬಿ ಗೂಡಿನಲ್ಲಿಟ್ಟಿದ್ದ ಸೀಸೆ ನೋಡಿದೆ. ಕಾಡಿಗೆಯಷ್ಟು ಕಪ್ಪಾಗಿತ್ತು. ಹೊರಗೆ ಅದೇ ಬಾವಿಯ ನೀರನ್ನು ಡ್ರಮ್ಮಿಗೆ ಸುರಿಯುತ್ತಿದ್ದರು. ಅತ್ತೆಯನ್ನು ಪಕ್ಕಕ್ಕೆ ಕರೆದು ತೋರಿಸಿದೆ.

"ಈಗ ಇದನ್ನ ಹೇಳ್ಬುಟ್ರೆ ಬೀಗರು ಒಂದು ತೊಟ್ಟು ನೀರೂ ಮುಟ್ಟಲ್ಲ ಕಣಮ್ಮ. ಹಿಂದೂಪುರದಿಂದ ಬತ್ತಾವ್ರೆ. ಇವತ್ತೊಂದಿನ ಸುಮ್ನಿರು, ನಾಳೆ ಹೇಳೀವಂತೆ."

"ಕುಡಿಯೋ ನೀರಾದ್ರೂ ಕಾಯ್ಸಾಣ, ಅತ್ತೆ."

"ಇಷ್ಟು ಜನಕ್ಕೆ ಕಾಯ್ಸಿ ಆರ್ಸೋದು ಯಾವಾಗ?"

ಸೀಸೆಯನ್ನು ಟ್ರಂಕಿನೊಳಗಿಟ್ಟೆ. ಮಧ್ಯಾಹ್ನ ಮಜ್ಜಿಗೆಗೆ ನೀರು ಬೆರೆಸಿದವಳೂ ನಾನೇ.

ಪಕ್ಕದ ಮನೆಯ ಅಕ್ಕ ಊಟಕ್ಕೆ ಬಂದಿದ್ದಳು. ಮಗ್ಗದ ಕೆಲಸದವಳು. ನನ್ನ ಹೆರಿಗೆಯಲ್ಲಿ ತೊಡೆಯ ಮೇಲೆ ನನ್ನ ತಲೆ ಇಟ್ಟುಕೊಂಡು ಕೂತಿದ್ದವಳು. "ಮಜ್ಜಿಗೆ ಚೆನ್ನಾಗೈತೆ, ಇನ್ನೊಂಚೂರು ಹಾಕು" ಎಂದಳು. ಹಾಕಿದೆ. ನಾನೂ ಒಂದು ಲೋಟ ಕುಡಿದೆ. ಕುಡಿದರೆ ತಪ್ಪು ಅರ್ಧವಾದರೂ ಇಳಿಯುತ್ತದೆ ಅಂದುಕೊಂಡೆನೋ ಏನೋ.

ಮಾರನೆಯ ದಿನವೂ ಹೇಳದೇ ಉಳಿಯಿತು. ಮೂರನೆಯ ದಿನದ ಹೊತ್ತಿಗೆ ಊರಲ್ಲಿ ಹತ್ತಾರು ಮನೆಗಳಲ್ಲಿ ವಾಂತಿ, ಭೇದಿ. ಉಪ್ಪು ಸಕ್ಕರೆ ಕದಡಿದ ನೀರು ಹಿಡಿದು ಮನೆಮನೆ ತಿರುಗಿದೆ, ಈಗ ಕಾಯಿಸಿದ ನೀರು. ಅಕ್ಕನ ಕಣ್ಣು ಗುಳಿಬಿದ್ದು, ಕೈ ತಣ್ಣಗಾಗಿತ್ತು. ಅವಳ ಗಂಡನೂ ನಾನೂ ಜೀಪಿನಲ್ಲಿ ಮಲಗಿಸಿಕೊಂಡು ಕಲ್ಯಾಣದುರ್ಗಕ್ಕೆ ಹೊರಟೆವು. ದಾರಿಯುದ್ದಕ್ಕೂ ನೀರು ಕೇಳಿದಳು.

ಆಸ್ಪತ್ರೆಯಲ್ಲಿ ನರ್ಸಮ್ಮ ತೆಲುಗಿನಲ್ಲಿ ಕೇಳಿದಳು: "ಏ ನೀಳ್ಳು ತಾಗಾರಮ್ಮ?" ಯಾವ ನೀರು ಕುಡಿದಿರಿ ಅಂತ. ಅಕ್ಕನ ಗಂಡ ನನ್ನ ಮುಖ ನೋಡಿದ, ಊರಿನ ನೀರಿನ ವಿಚಾರ ನನಗೇ ಗೊತ್ತು ಅನ್ನುವ ಹಾಗೆ. "ಬಾವಿ ನೀಳ್ಳು" ಎಂದೆ. ಡ್ರಿಪ್ಪು ಹಾಕಲು ನರ ಸಿಗುವಷ್ಟರಲ್ಲಿ ಹೊತ್ತು ಮೀರಿತ್ತು. ಮಧ್ಯಾಹ್ನಕ್ಕೆ ಮುಂಚೆ ಅಕ್ಕ ಹೋಗಿಬಿಟ್ಟಳು.

ಮಣ್ಣು ಮಾಡಿದ ಮಾರನೆಯ ದಿನ ಅವಳ ಗಂಡನಿಗೆ ಎಲ್ಲವನ್ನೂ ಹೇಳಿದೆ.

"ನಿಂಗೆ ಆವತ್ತು ಬೆಳಿಗ್ಗೇನೇ ಗೊತ್ತಿತ್ತಾ?"

"ಗೊತ್ತಿತ್ತು ಅಣ್ಣ."

ಎದ್ದು ಒಳಗೆ ಹೋದ.

ಮೇಲಿನ ದಿಣ್ಣೆಯ ಕಕ್ಕಸು ಗುಂಡಿಗಳ ನೀರು ಮಳೆಗೆ ಬಾವಿಗಿಳಿದಿತ್ತಂತೆ. ಬಾವಿಗೆ ಮುಳ್ಳು ಮುಚ್ಚಿದರು. ಟ್ಯಾಂಕರ್ ಬಂತು. ಅದು ತಪ್ಪಿದ ವಾರಗಳಲ್ಲಿ ಕೆಲವರು ಮುಳ್ಳು ಸರಿಸಿ ಮತ್ತೆ ಅದೇ ನೀರು ಸೇದಿದರು. ಅತ್ತೆ ಆ ದಿನದ ಮಾತನ್ನು ಇವತ್ತಿಗೂ ಎತ್ತುವುದಿಲ್ಲ.

ಅಕ್ಕನ ಮನೆಗೆ ಈಗ ಸೊಸೆ ಬಂದಿದ್ದಾಳೆ, ಮೊಮ್ಮಗಳು ಹುಟ್ಟಿದ್ದಾಳೆ. ಮಗುವಿನ ತೂಕ ನೋಡಲು ಹೋದರೆ, ಸೊಸೆ ಅದನ್ನು ಹೊಸ್ತಿಲಿಗೇ ತಂದು ನನ್ನ ಕೈಗೆ ಕೊಡುತ್ತಾಳೆ. ಒಳಗೆ ಬಾ ಅನ್ನುವುದಿಲ್ಲ.